ಗೊದ್ದದ ಬಾಣಂತನ

ಮೊದಲ ಮಳೆ ಬಿದ್ದ ಮರುದಿನ ಜೋಗಿಮಟ್ಟಿ ರಸ್ತೆಯಲ್ಲಿ ರೆಕ್ಕೆ ಉದುರಿಸಿಕೊಂಡು ಓಡಾಡುತ್ತಿದ್ದ ರಾಣಿ ಇರುವೆಯೊಂದನ್ನು ಹಿಡಿದು ಸಾಕಲು ಮನೆಗೆ ತಂದೆ. ಗೊದ್ದದ ಜಾತಿ, ಕರ್ರಗೆ ದಪ್ಪಗಿತ್ತು. ನನಗೆ ನಲವತ್ತು ದಾಟಿದೆ, ಮದುವೆಯಾಗಿಲ್ಲ. ಸೊಸೆಯ ದಾರಿ ಕಾಯುತ್ತಿದ್ದ ಅವ್ವ ಅದನ್ನೇ ಬಗ್ಗಿ ನೋಡಿದಳು.

ಗಾಜಿನ ಕೊಳವೆಯ ತಳದಲ್ಲಿ ನೀರು, ಅದಕ್ಕೆ ಅಡ್ಡವಾಗಿ ಹತ್ತಿ, ಬಾಯಿಗೂ ಹತ್ತಿ, ಮೇಲೊಂದು ಬಟ್ಟೆ. ಮೊದಲ ಮರಿಗಳು ದೊಡ್ಡವಾಗುವ ತನಕ ರಾಣಿಗೆ ಊಟವೂ ಬೇಕಿಲ್ಲ, ತನ್ನ ಮೈಯನ್ನೇ ಕರಗಿಸಿ ಸಾಕುತ್ತದೆ. ಕತ್ತಲು ಇರಬೇಕು, ಯಾರೂ ಕದಲಿಸಬಾರದು. ಕತ್ತಲು ಕೋಣೆ, ಹತ್ತಿ, ಹೊದಿಕೆ ಎಂದ ಮೇಲೆ ಇದು ಬಾಣಂತನವೇ ಎಂದು ಅವ್ವ ತೀರ್ಮಾನಿಸಿದಳು.

ರಾಣಿ ಮೊಟ್ಟೆಯಿಟ್ಟ ಸುದ್ದಿ ಓಣಿಗೆಲ್ಲ ಹೋಯಿತು. ಬಾಣಂತಿ ನೋಡಲು ಬರಿಗೈಯಲ್ಲಿ ಬರುವ ಪದ್ಧತಿ ನಮ್ಮಲ್ಲಿಲ್ಲ. ಕೊಬ್ಬರಿ ಬಂತು, ಬೆಲ್ಲ ಬಂತು, ಬೆಳ್ಳುಳ್ಳಿಯೂ ಬಂತು. ತಿಂದವನು ನಾನು. ಬಂದವರೆಲ್ಲ ಬಟ್ಟೆ ಎತ್ತಿ ನೋಡಿದರು, ಎತ್ತಿ ತೋರಿಸಿದವಳು ಅವ್ವ.

ವಾರದೊಳಗೆ ಮೊಟ್ಟೆಗಳು ಮಾಯವಾದವು. ಬೆಳಕಿಗೆ ಹೆದರಿದ ರಾಣಿ ತನ್ನ ಮೊಟ್ಟೆಯನ್ನು ತಾನೇ ತಿನ್ನುತ್ತದೆ ಎಂದು ಅವ್ವನಿಗೆ ಹೇಳಿದೆ.

"ತನ್ನವೇ ಅಂತ ಗೊತ್ತಾಗಲ್ವೇನೋ ಅವಳಿಗೆ?"

"ಅದು ನಂಗೂ ಗೊತ್ತಿಲ್ಲವ್ವ. ಸಮಾಧಾನ ಆದ್ರೆ ಮತ್ತೆ ಇಡ್ತಾಳೆ."

ಅವ್ವ ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆಯೇ ಹೋಗಿ ಜಗಲಿಯಲ್ಲಿ ಕುಳಿತಳು. ಎದುರುಮನೆಯವರು ಬಂದರೆ, "ಸೂತಕ ಐತೆ ಕಣ್ರಿ, ಒಳಗೆ ಬರಬ್ಯಾಡ್ರಿ," ಎಂದಳು. ನಾವು ಲಿಂಗ ಕಟ್ಟಿದವರು, ಹುಟ್ಟಿಗಾಗಲಿ ಸಾವಿಗಾಗಲಿ ಸೂತಕ ಹಿಡಿಯುವವರಲ್ಲ. ಅಪ್ಪ ತೀರಿಕೊಂಡಾಗಲೂ ಇಲ್ಲದ ಸೂತಕ ಇರುವೆಯ ದೆಸೆಯಿಂದ ನಮ್ಮ ಮನೆಗೆ ಬಂತು. ಎದುರುಮನೆಯವರು ಎಷ್ಟು ದಿನ ಎಂದು ಮಾತ್ರ ಕೇಳಿ ವಾಪಸ್ ಹೋದರು.

ರಾಣಿ ಮತ್ತೆ ಮೊಟ್ಟೆಯಿಟ್ಟಿತು. ಮೊಟ್ಟೆ ಹುಳುವಾಯಿತು, ಹುಳು ಗೂಡು ಕಟ್ಟಿಕೊಂಡಿತು. ಒಂದು ಬೆಳಿಗ್ಗೆ ನೋಡಿದರೆ ಒಳಗೆ ಸಣ್ಣ ಇರುವೆಗಳು ನಡೆದಾಡುತ್ತಿದ್ದವು. ಖುಷಿಗೆ ಅವ್ವನನ್ನು ಕೂಗಿದೆ. ಕೈಯೊರೆಸಿಕೊಳ್ಳುತ್ತ ಓಡಿಬಂದವಳು ಕೋಣೆಯ ಹೊಸ್ತಿಲಾಚೆಯೇ ನಿಂತುಬಿಟ್ಟಳು.

"ಬಾರವ್ವ, ಏನೂ ಆಗಲ್ಲ."

"ಬ್ಯಾಡ. ಎಷ್ಟು ಅವೆ?"

"ಮೂರು."

"ಗಂಡಾ, ಹೆಣ್ಣಾ?"

"ಎಲ್ಲಾ ಹೆಣ್ಣೇ. ಇನ್ನೂ ಸರಿಯಾಗಿ ಬಣ್ಣ ಬಂದಿಲ್ಲ. ತಾಯಿ ಮೈ ನೆಕ್ತಾ ಅವೆ."

ಅವ್ವ ಕತ್ತು ಚಾಚಿದಳು, ಕಾಲು ಮಾತ್ರ ಒಳಗಿಡಲಿಲ್ಲ. ಕೊಳವೆಯನ್ನೇ ಅವಳ ಹತ್ತಿರ ಒಯ್ಯಲು ಕೈ ಹಾಕಿದೆ.

"ಮುಟ್ಟಬ್ಯಾಡ," ಎಂದಳು. "ಮೊಮ್ಮಕ್ಕಳನ್ನ ನೋಡೋ ಆಸೆಗೆ ಒಂದ್ಸಲ ಕಳಕಂಡೀನಿ. ಬಟ್ಟೆ ಮುಚ್ಚಪ್ಪ."