ನನ್ನ ಯಂತ್ರದಲ್ಲಿ ಸರಿಯಾಗಿದೆ

ನಿಮ್ಮ ಹೆಸರಿನಲ್ಲೊಂದು ಒತ್ತಕ್ಷರವಿದ್ದರೆ ಅದನ್ನು ಬೆರಳಿನಿಂದ ಮುಚ್ಚಿ ಒಮ್ಮೆ ಓದಿ ನೋಡಿ. ಅಕ್ಷರದ ಕಾಲ ಬಳಿ ಮುದುಡಿ ಕೂತ ಆ ಪುಟ್ಟ ಗುರುತು ಮರೆಯಾದರೆ ಅಪ್ಪ ಅಪ್ಪನಾಗಿ ಉಳಿಯುವುದಿಲ್ಲ, ಅಕ್ಕ ಅಕ್ಕನಾಗಿ ಉಳಿಯುವುದಿಲ್ಲ. ಮದ್ದೂರಿನ ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಟೈಪಿಂಗ್ ಅಂಗಡಿ ನಡೆಸುತ್ತ, ಅರ್ಜಿ ಅಫಿಡವಿಟ್ಟುಗಳಲ್ಲಿ ಲೆಕ್ಕವಿಲ್ಲದಷ್ಟು ಒತ್ತುಗಳನ್ನು ಒತ್ತಿದ ನನಗೆ ಈ ಮಾತು ಗೊತ್ತಿರಬೇಕಿತ್ತು. ಗೊತ್ತಾದದ್ದು ಮಾತ್ರ ಈ ಆಷಾಢದಲ್ಲಿ, ಬೆಸಗರಹಳ್ಳಿಯ ಮಲ್ಲಮ್ಮನಿಂದ.

ಮಲ್ಲಮ್ಮ ಅರವತ್ತು ದಾಟಿದ ಹೆಂಗಸು. ತಂದೆ ತೀರಿಕೊಂಡ ಮೇಲೆ ವಂಶವೃಕ್ಷದಲ್ಲಿ ತನ್ನ ಹೆಸರೂ ಸೇರಬೇಕೆಂದು ಅರ್ಜಿ ಹಾಕಿದ್ದಳು. ತಮ್ಮನಿಗೆ ಅದು ಇಷ್ಟವಿರಲಿಲ್ಲ. ಅರ್ಜಿಯ ಜೊತೆಗಿಡುವ ಅಫಿಡವಿಟ್ಟನ್ನು ಟೈಪು ಮಾಡಿಕೊಟ್ಟವಳು ನಾನು. ಕೊಟ್ಟ ನಾಲ್ಕನೆಯ ದಿನ ಮಧ್ಯಾಹ್ನ ಆಕೆ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಕೂತುಕೊಳ್ಳಲಿಲ್ಲ. ಕಾಗದವನ್ನು ಮೇಜಿನ ಮೇಲೆ ಹರವಿ ಒಂದು ಸಾಲಿನ ತುದಿಗೆ ಬೆರಳಿಟ್ಟಳು.

"ನನ್ನೆಸ್ರ ಏನಂತ ಬರ್ದಿದ್ದೀಯೆ, ಓದು ಜಯವ್ವ."

ಓದಿದೆ. ದಪ್ಪಕ್ಷರದಲ್ಲಿ 'ಮಲಮ' ಎಂದಿತ್ತು.

"ಆಪೀಸ್ ಕಿಟಕೀಲಿ ಅಂಗೇ ಕೂಗುದ್ರು. ಸಾಲಲ್ಲಿದ್ದೋರೆಲ್ಲ ನಕ್ರು. ನನ್ ತಮ್ಮ ಅಲ್ಲೇ ನಿಂತಿದ್ನಲ್ಲ, ಈ ಎಸ್ರಿನೋಳು ನಮ್ಮ ಮನೇಲಿ ಯಾರೂ ಉಟ್ಟಿಲ್ಲ ಅಂದ."

ನಾನು ಕಂಪ್ಯೂಟರಿನಲ್ಲಿ ಆ ಕಡತವನ್ನು ತೆರೆದೆ. ಪರದೆಯ ಮೇಲೆ 'ಮಲ್ಲಮ್ಮ' ಎಂದು ಎರಡು ಒತ್ತುಗಳೂ ಸ್ವಸ್ಥಾನದಲ್ಲಿ ನಗುತ್ತ ಕೂತಿದ್ದವು. ಆಕೆಯ ಮುಂದೆಯೇ ಮುದ್ರಿಸಿದೆ. ಹಾಳೆಯಲ್ಲಿ ಮತ್ತೆ 'ಮಲಮ'. ನನಗೆ ಗಾಬರಿಯಾಯಿತು. ಆದರೂ ನಿಜ ಹೇಳುತ್ತೇನೆ, ಅದರ ಹಿಂದೆಯೇ ಸಣ್ಣದೊಂದು ಸಮಾಧಾನವೂ ಬಂತು: ತಪ್ಪು ನನ್ನ ಬೆರಳಿನದಲ್ಲ.

"ಇದು ಕಂಪ್ಯೂಟರ್ ತಪ್ಪು ಮಲ್ಲವ್ವ, ನಾನು ಸರಿಯಾಗೇ ಬರ್ದಿದ್ದೀನಿ, ನೋಡಿ," ಎಂದು ಪರದೆಯನ್ನು ಆಕೆಯತ್ತ ತಿರುಗಿಸಿದೆ.

ಆಕೆ ಪರದೆಯನ್ನು ನೋಡಲಿಲ್ಲ. "ಅದು ತಪ್ಪು ಬರೀತು. ಕೈಗೆ ಕೊಡೋಕ್ ಮುಂಚೆ ನೀನು ಓದ್ನಿಲ್ವ?"

ಓದಿರಲಿಲ್ಲ. ಪರದೆಯಲ್ಲಿ ಓದಿದ್ದೇ ಕಾಗದದಲ್ಲಿ ಇರುತ್ತದೆಂದು ನಂಬಿ ವರ್ಷಗಳೇ ಆಗಿದ್ದವು. ಕಾಗದವನ್ನು ಮಡಿಸಿಕೊಂಡು ಆಕೆ ಇಳಿದು ಹೋದಳು. ಬೇರೆ ಬರೆದುಕೊಡುತ್ತೇನೆ ಎಂದು ನಾನು ಹಿಂದೆಯೇ ಕೂಗಿದ್ದು ಆಕೆಗೆ ಕೇಳಿಸಿತೋ ಇಲ್ಲವೋ ತಿಳಿಯದು.

ನನ್ನ ಅಂಗಡಿಯ ಕಂಪ್ಯೂಟರನ್ನು ನಡೆಸುವುದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ. ಹಳೆಯ ಯಂತ್ರ ಏದುಸಿರು ಬಿಡುತ್ತಿದ್ದಾಗ ಹನಕೆರೆಯ ಶಿವಣ್ಣ ಮೇಷ್ಟ್ರು ಅದನ್ನು ಹಾಕಿಕೊಟ್ಟಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದ ಅವರಿಗೆ ಇದೊಂದು ಪ್ರೀತಿ. ಯಾವ ಯಾವುದೋ ದೇಶಗಳಲ್ಲಿ ಕೂತ ಜನ ಸೇರಿ ಕಟ್ಟಿದ ಈ ವ್ಯವಸ್ಥೆಯಲ್ಲಿ ಏನಾದರೂ ಕೆಟ್ಟರೆ ದೂರಲು ಅಂಗಡಿಯವನಿಲ್ಲ, ಅಂತರ್ಜಾಲದಲ್ಲಿ ಎಲ್ಲರೂ ನೋಡುವಂಥ ಒಂದು ದೋಷಪಟ್ಟಿಯಿದೆ. ಕೆಟ್ಟದ್ದನ್ನು ಕಂಡವರು ಅಲ್ಲಿ ಬರೆಯುತ್ತಾರೆ. ಇನ್ನೊಬ್ಬರು ತಮ್ಮ ಯಂತ್ರದಲ್ಲಿ ಅದನ್ನೇ ಮಾಡಿ ನೋಡಿ 'ಹೌದು, ನನಗೂ ಹೀಗಾಗುತ್ತದೆ' ಎಂದರೆ ದೋಷ ದೃಢಪಟ್ಟಂತೆ. ಹಾಗೆ ದೃಢಪಟ್ಟದ್ದನ್ನು ಯಾರಾದರೂ ಸರಿಮಾಡುತ್ತಾರೆ. ಪುಕ್ಕಟೆಯಾಗಿ ಪಡೆದವರು ಇಷ್ಟಾದರೂ ಮಾಡಬೇಕೆಂದು ಮೇಷ್ಟ್ರು ನನಗೂ ಅಲ್ಲೊಂದು ಖಾತೆ ತೆರೆಸಿದ್ದರು. ಮೂರು ವರ್ಷಗಳಿಂದ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಆ ಪಟ್ಟಿಯನ್ನು ನೋಡಿ ಪರೀಕ್ಷಿಸಿ ಒಂದೆರಡು ಸಾಲು ಬರೆಯುವುದು ನನಗೆ ಅಭ್ಯಾಸವಾಗಿತ್ತು, ಮತ್ತು ಹೇಳಲು ನಾಚಿಕೆಯಾದರೂ, ಅದು ನನ್ನ ಸಣ್ಣ ಹೆಮ್ಮೆಯೂ ಆಗಿತ್ತು.

ಅಂದು ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಯುಗಾದಿಯ ಸುಮಾರಿಗೆ ಬರವಣಿಗೆಯ ತಂತ್ರಾಂಶವನ್ನು ಅಪ್‌ಡೇಟ್ ಮಾಡಿದ ದಿನದಿಂದ ಬರೆದ ಎಲ್ಲ ಕಡತಗಳನ್ನೂ ಒಂದೊಂದಾಗಿ ಮುದ್ರಿಸಿ ನೋಡತೊಡಗಿದೆ. ಹೆಚ್ಚಿನವು ಸರಿಯಾಗಿದ್ದವು. ಒಂದರಲ್ಲಿ 'ಚಿಕ್ಕಣ್ಣ' ಚಿಕಣನಾಗಿದ್ದ. ಇನ್ನೊಂದರಲ್ಲಿ 'ಸಿದ್ದಪ್ಪ' ಸಿದಪನಾಗಿದ್ದ. ಯಾಕೆ ಕೆಲವು ಕಡೆ ಮಾತ್ರ, ಯಾಕೆ ಹೆಸರುಗಳು ಮಾತ್ರ? ಹಾಳೆಗಳು ನೆಲದ ತುಂಬ ಹರಡಿದವು. ಎಂಟು ಜನ. ಎಂಟು ಮನೆಗಳ ಹೆಸರನ್ನು ನಾನು ಕೆಡಿಸಿ ಸರ್ಕಾರದ ಕಡತಗಳೊಳಗೆ ಸೇರಿಸಿದ್ದೆ. ಯಾವ ಕಿಟಕಿಯಲ್ಲಿ ಯಾರು ಯಾವ ದಿನ ಅದನ್ನು ಕೂಗಿ ಓದುತ್ತಾರೋ ಎಂದುಕೊಳ್ಳುತ್ತ ಆ ಎಂಟು ಹಾಳೆಗಳನ್ನು ಬೇರೆ ತೆಗೆದಿಟ್ಟೆ.

ಭಾನುವಾರ ಹನಕೆರೆಗೆ ಹೋದೆ. ಮೇಷ್ಟ್ರು ತಮ್ಮ ಕಂಪ್ಯೂಟರಿನಲ್ಲಿ 'ಮಲ್ಲಮ್ಮ' ಎಂದು ಟೈಪು ಮಾಡಿ ಮುದ್ರಿಸಿದರು. ಸರಿಯಾಗಿಯೇ ಬಂತು. ಇನ್ನೊಮ್ಮೆ ಮಾಡಿದರು. ಮತ್ತೆ ಸರಿಯಾಗಿಯೇ ಬಂತು.

"ನನ್ನ ಕಂಪ್ಯೂಟರ್‌ನಲ್ಲಿ ಆಗ್ತಿಲ್ವಲ್ಲ ಜಯಮ್ಮ," ಎಂದರು. "ಇನ್ನೊಬ್ಬರ ಹತ್ರ ಆಗ್ಲಿಲ್ಲ ಅಂದ್ರೆ ನಿನ್ನ ಮಿಶಿನ್ ಕೆಟ್ಟಿರ್ಬೇಕು ಅಂತಾರೆ ಅಷ್ಟೆ. ಮುಂಚೆ ಯಾರಾದ್ರೂ ಇದನ್ನ ಬರ್ದವ್ರ ನೋಡು."

ಹೊಸ ದೋಷವನ್ನು ಬರೆಯುವ ಮುಂಚೆ ಹಳೆಯದನ್ನು ಹುಡುಕುವುದು ಪಟ್ಟಿಯ ಮೊದಲ ಮರ್ಯಾದೆ. ಅವರ ಕುರ್ಚಿಯಲ್ಲೇ ಕೂತು ಹುಡುಕಿದೆ. ಸಿಕ್ಕಿತು. ಯುಗಾದಿ ಕಳೆದು ಕೆಲವು ವಾರಗಳಿಗೆ, ನೆಲ್ಲೂರಿನ ಕಡೆಯವರೆಂದು ಹೇಳಿಕೊಂಡಿದ್ದ ತೆಲುಗಿನವರೊಬ್ಬರು, ರಮಣಯ್ಯ ಎಂಬ ಹೆಸರಿನವರು, ತಡವರಿಸುವ ಇಂಗ್ಲಿಷಿನಲ್ಲಿ ಬರೆದಿದ್ದರು: ಅಕ್ಷರ ದಪ್ಪವಾಗಿರಬೇಕು, ಸಾಲಿನ ಎರಡೂ ಅಂಚು ಸಮನಾಗಿ ನಿಲ್ಲುವಂತೆ ಜೋಡಿಸಿರಬೇಕು, ಪದ ಸಾಲಿನ ಕೊನೆಯಲ್ಲಿ ಬರಬೇಕು, ಆಗ ಮುದ್ರಿಸಿದರೆ ಅಕ್ಷರದ ಕೆಳಗಿನ ಒತ್ತುಗಳು ಮಾಯ. ದಯವಿಟ್ಟು ಯಾರಾದರೂ ನೋಡಿ, ಇದು ಮದುವೆಯ ಕಾಗದಗಳ ಕೆಲಸ, ಎಂದು ಕೊನೆಗೆ ಸೇರಿಸಿದ್ದರು. ನನ್ನ ಅರ್ಜಿಗಳಲ್ಲಿ ನಾನು ದಪ್ಪ ಮಾಡುವುದು ಹೆಸರುಗಳನ್ನಷ್ಟೇ.

ಅದರ ಕೆಳಗೆ ಒಂದೇ ಒಂದು ಉತ್ತರವಿತ್ತು. 'ನಾನು ಕನ್ನಡದಲ್ಲಿ ಮಾಡಿ ನೋಡಿದೆ. ನನ್ನ ಯಂತ್ರದಲ್ಲಿ ಸರಿಯಾಗಿದೆ.' ಆಮೇಲೆ ಯಾರೂ ಮಾತಾಡದೆ ಕೆಲವು ವಾರಗಳಾದ ಮೇಲೆ, ದೃಢಪಡದ ದೂರೆಂದು ಅದನ್ನು ಮುಚ್ಚಿದ್ದರು.

ಆ ಉತ್ತರವನ್ನು ಬರೆದವಳು ನಾನು.

ಸ್ನೇಹಿತರೇ, ನನಗೆ ಆ ದಿನ ಸ್ವಲ್ಪ ನೆನಪಿದೆ. ಯಾರೋ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಬರೆಸಲು ಕಾದಿದ್ದರು. ರಮಣಯ್ಯನವರ ದೂರನ್ನು ಪೂರ್ತಿ ಓದುವ ತಾಳ್ಮೆ ನನಗಿರಲಿಲ್ಲ. ಅವರ ಇಂಗ್ಲಿಷ್ ಕಂಡು, ಇವರಿಗೇ ಏನೋ ಗೊಂದಲವಾಗಿದೆ ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ. ನನ್ನ ಇಂಗ್ಲಿಷೇನು ಅದಕ್ಕಿಂತ ಮೇಲಲ್ಲ. ಒಂದು ಪದ ಟೈಪಿಸಿ, ದಪ್ಪ ಮಾಡದೆ, ಅಂಚು ಸಮ ಮಾಡದೆ, ಮುದ್ರಿಸಿ, ಸರಿಯಾಗಿದೆ ಎಂದು ಬರೆದು, ಒಂದು ಪರೋಪಕಾರ ಮಾಡಿದ ತೃಪ್ತಿಯಿಂದ ಗಿರಾಕಿಯ ಕಡೆ ತಿರುಗಿದ್ದೆ. ಆ ಹೊತ್ತಿಗಾಗಲೇ ದೋಷ ನನ್ನ ಯಂತ್ರದೊಳಗಿತ್ತು. ಅವರು ಹೇಳಿದ್ದನ್ನು ಹೇಳಿದಂತೆ ಮಾಡಿದ್ದರೆ ಅಂದೇ ಕಾಣುತ್ತಿತ್ತು, ಬೇಗನೇ ಸರಿಹೋಗುತ್ತಿತ್ತು, ಮಲ್ಲಮ್ಮ ಆ ಸಾಲಿನಲ್ಲಿ ನಿಂತು ಅಂಥ ನಗು ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಕಂಪ್ಯೂಟರ್ ತಪ್ಪು ಎಂದು ಆಕೆಯ ಮುಖಕ್ಕೆ ಹೇಳಿದ್ದೆನಲ್ಲ!

ಮೇಷ್ಟ್ರು ಪರದೆಯತ್ತ ಬಗ್ಗಿ ನನ್ನ ಹೆಸರನ್ನು ಓದಿದರು. ಮುದ್ರಣಯಂತ್ರಕ್ಕೆ ಹೊಸ ಹಾಳೆ ಹಾಕಿ, "ಅವರು ಹೇಳಿದ್ಹಂಗೇ ಮಾಡು ಈಗ. ಒಂದೊಂದೇ ಮಾಡು," ಎಂದರು.

ಮಾಡಿದೆ. ದಪ್ಪ ಮಾಡಿದೆ, ಅಂಚು ಸಮ ಮಾಡಿದೆ, ಹೆಸರನ್ನು ಸಾಲಿನ ತುದಿಗೆ ತಳ್ಳಿದೆ. ಮೇಷ್ಟ್ರ ಮುದ್ರಣಯಂತ್ರ ಹಾಳೆಯನ್ನು ಹೊರಕ್ಕೆ ದೂಡಿತು. ಅವರ ಮನೆಯಲ್ಲೂ ಮಲ್ಲಮ್ಮ 'ಮಲಮ'ಳಾದಳು. ಕೆಟ್ಟುಹೋದ ಪದವೊಂದನ್ನು ಕಂಡು ಅಷ್ಟು ನಿರಾಳವಾದದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಬರೆಯುವುದು ಕಷ್ಟವಾಯಿತು. ಹೊಸ ದೂರೊಂದನ್ನು ಬರೆದುಬಿಟ್ಟರೆ ಹಳೆಯದು ಯಾರ ಕಣ್ಣಿಗೂ ಬೀಳದೆ ಹೂತುಹೋಗುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಆ ಯೋಚನೆ ಬರಲಿಲ್ಲವೆಂದರೆ ಸುಳ್ಳು. ಕೊನೆಗೆ ಹಳೆಯದರ ಕೆಳಗೇ ಬರೆದೆ: 'ಈ ದೂರು ನಿಜ. ಎರಡು ಯಂತ್ರಗಳಲ್ಲಿ ನೋಡಿದೆ. ಅಂದು ನಾನು ಇವರು ಹೇಳಿದಂತೆ ಪರೀಕ್ಷಿಸದೆಯೇ ಇಲ್ಲ ಎಂದುಬಿಟ್ಟೆ. ತಪ್ಪು ನನ್ನದು. ಇದನ್ನು ಮತ್ತೆ ತೆರೆಯಬೇಕು.' ಮುದ್ರಿತ ಹಾಳೆಯ ಚಿತ್ರವನ್ನೂ ಸೇರಿಸಿದೆ. ಕಳುಹಿಸುವ ಗುಂಡಿ ಒತ್ತಿದೆ.

ನಾಲ್ಕು ದಿನ ಪಟ್ಟಿಯಲ್ಲಿ ಯಾರೂ ಉತ್ತರ ಬರೆಯಲಿಲ್ಲ. ಆ ನಾಲ್ಕು ದಿನಗಳಲ್ಲಿ ಉಳಿದ ಏಳು ಮನೆಗಳಿಗೆ ಫೋನು ಮಾಡಿದೆ. ಐದು ಜನರ ಕೆಲಸ ಯಾರೂ ಗಮನಿಸದೆಯೇ ಮುಗಿದಿತ್ತು. ಒಬ್ಬರು ಬೈದರು. ಮಳವಳ್ಳಿಯ ಚಿಕ್ಕಣ್ಣನವರ ಕಾಗದ ಇನ್ನೂ ಕಚೇರಿಯಲ್ಲೇ ಇದ್ದುದರಿಂದ ಬಸ್ಸು ಹತ್ತಿ ನಾನೇ ಹೋಗಿ ಹೊಸದನ್ನು ಕೊಟ್ಟು, ಹಳೆಯದನ್ನು ಬದಲಿಸುವವರೆಗೂ ಕಿಟಕಿಯ ಮುಂದೆ ನಿಂತೆ. ಮಲ್ಲಮ್ಮನಿಗೆ ಮಾತ್ರ ಎಷ್ಟು ಸಲ ಮಾಡಿದರೂ ಫೋನು ತೆಗೆಯಲಿಲ್ಲ.

ಐದನೆಯ ದಿನ ರಮಣಯ್ಯ ಬರೆದಿದ್ದರು. ಬೈಗುಳಕ್ಕೆ ಸಿದ್ಧಳಾಗಿ ತೆರೆದೆ. 'ಅಮ್ಮಾ, ನೋಡಿದ್ದಕ್ಕೆ ಧನ್ಯವಾದ. ಆ ಉತ್ತರದ ನಂತರ ನಾನು ಇಲ್ಲಿ ಬರೆಯುವುದನ್ನು ಬಿಟ್ಟಿದ್ದೆ. ನನ್ನ ಭಾಷೆ ಸರಿಯಿಲ್ಲ, ನನಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೆ.' ಇಷ್ಟೇ ಇತ್ತು. ಬೈದಿದ್ದರೆ ಇದಕ್ಕಿಂತ ಹಗುರವಾಗಿರುತ್ತಿತ್ತು. ಮರುದಿನ ದೂರಿನ ತಲೆಯ ಮೇಲೆ 'ದೃಢಪಟ್ಟಿದೆ' ಎಂಬ ಗುರುತು ಬಿತ್ತು. ಮೂರು ವಾರಗಳ ಮೇಲೆ ಯಾವುದೋ ದೇಶದ, ಕನ್ನಡವನ್ನೋ ತೆಲುಗನ್ನೋ ಓದಲು ಬಾರದ ಒಬ್ಬರು ಅದನ್ನು ಸರಿಪಡಿಸಿ, ಪರೀಕ್ಷಿಸಿ ಹೇಳಿ ಎಂದರು. ನಾನೂ ರಮಣಯ್ಯನವರೂ ಬೇರೆ ಬೇರೆ ಊರುಗಳಲ್ಲಿ ಕೂತು, ಸಾಲುಸಾಲಾಗಿ ನೋಡಿ, ಆಗಿದೆ ಎಂದು ಬರೆದೆವು.

ಒಬ್ಬರು ಹೇಳಿದ್ದನ್ನು 'ಹೌದು' ಎನ್ನುವುದಕ್ಕೆ ಅವರು ನಿಂತಲ್ಲಿ ಹೋಗಿ ನಿಲ್ಲಬೇಕಾಗುತ್ತದೆ. 'ಇಲ್ಲ' ಎನ್ನುವುದಕ್ಕೆ ನಾವಿದ್ದಲ್ಲಿಂದ ಅಲುಗಬೇಕಿಲ್ಲ. ನನಗೆ ಹಾಗಾಗಲಿಲ್ಲ ಎಂಬುದು ನಿಜವೇ. ಆದರೆ ಆ ನಿಜದಿಂದ ಎದುರಿನವರ ಅನುಭವವನ್ನು ಸುಳ್ಳು ಮಾಡುವ ಹಕ್ಕು ನಮಗೆ ಎಲ್ಲಿಂದ ಬಂತು? ಈ ಪ್ರಶ್ನೆ ಪಟ್ಟಿಯಿಂದೆದ್ದು ಬಂದು ನನ್ನ ಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯ ಮೇಜಿನ ಎದುರು ನನ್ನನ್ನು ಈಗಲೂ ಹಿಡಿದು ನಿಲ್ಲಿಸುತ್ತದೆ. ನಾನು ಬರೆದ ಆ ಒಂದು ಸಾಲನ್ನು ಅಳಿಸಲು ಪಟ್ಟಿಯಲ್ಲಿ ದಾರಿಯಿಲ್ಲ. ಹುಡುಕಿದವರಿಗೆ ಅದು ಸಿಗುತ್ತದೆ. ಸಿಗಲಿ.

ಕಾರ್ತಿಕದ ಹೊತ್ತಿಗೆ ಮಲ್ಲಮ್ಮ ಒಂದು ದಿನ ತಾನಾಗಿಯೇ ಅಂಗಡಿಯ ಮುಂದೆ ನಿಂತಳು. ನಾನೆದ್ದು ಹೊರಗೆ ಬಂದೆ.

"ನನ್ನೆಸ್ರು ಸೇರ್ತು ಕಣವ್ವ," ಎಂದಳು. "ಎದುರ್‌ಗಡೆ ಅಂಗ್ಡೀಲಿ ಬರೆಸ್ದೆ."

"ಒಳ್ಳೇದಾಯ್ತು ಮಲ್ಲವ್ವ. ನಂದು ತಪ್ಪಾಯ್ತು. ಆವತ್ತು ಕಂಪ್ಯೂಟರ್ ಮೇಲೆ ಹಾಕ್ದೆ, ತಪ್ಪು ನಂದೇ."

ಆಕೆ ಮೆಟ್ಟಿಲು ಹತ್ತಲಿಲ್ಲ. "ನಿನ್ ಮ್ಯಾಲೆ ಕ್ವಾಪ ಇಲ್ಲ, ಬುಡು. ಬಯ ಅಷ್ಟೆಯ. ಇನ್ನೊಂದ್ ಸಲ ನಿನ್ ಕೈಲಿ ಬರೆಸೋಕೆ ಬಯ."

ಇಲ್ಲ, ಈಗ ಎಲ್ಲ ಸರಿಯಾಗಿದೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಹೌದು, ಇರುತ್ತೆ," ಎಂದೆ.

ಆಕೆ ತಲೆಯಾಡಿಸಿ ಬೆಸಗರಹಳ್ಳಿಯ ಬಸ್ಸಿನ ಕಡೆ ನಡೆದಳು.