ಮೊಮ್ಮಗಳ ಬಯಕೆಯ ಮಾವಿನ ಕಾಬ್ಲರ್

ನನ್ನ ಮೊಮ್ಮಗಳು ತಿಂದಳು, ತಿಂದಿದ್ದು ದಕ್ಕಿತು! ಇದನ್ನ ಮೊದಲು ಹೇಳಿಬಿಡ್ತೀನಿ, ಮಿಕ್ಕಿದ್ದು ಆಮೇಲೆ.

ಅವಳೀಗ ಬಸುರಿ. ನಾನು ಮುತ್ತಾತ ಆಗೋನು. ಸುದ್ದಿ ಬಂದಾಗ ಕುಣಿದಾಡಿದ್ದೆ. ಆದರೆ ತುಮಕೂರಿನ ಗಂಡನ ಮನೆಯಿಂದ ಅವಳನ್ನ ಗುಬ್ಬಿಗೆ, ನಮ್ಮನೆಗೆ ಕರ್ಕೊಂಡು ಬಂದಾಗ ನೋಡಿದರೆ ಅರ್ಧಕ್ಕರ್ಧ ಸೊರಗಿದ್ದಳು. ನೀರು ಕುಡಿದರೂ ವಾಂತಿ. ಡ್ರಿಪ್ ಹಾಕಿ ಹಾಕಿ ಕೈ ನೀಲಿಗಟ್ಟಿತ್ತು. "ಬಾಯಿಗೆ ಸೇರಿದ್ದು ಏನಾದ್ರೂ ತಿನ್ನಲಿ, ಇಲ್ಲಾಂದ್ರೆ ಮತ್ತೆ ಅಡ್ಮಿಟ್ ಮಾಡ್ಬೇಕು" ಅಂದಿದ್ದರು ಡಾಕ್ಟ್ರು.

ಒಗ್ಗರಣೆ ವಾಸನೆ ಬಂದರೆ ಸಾಕು, ಬಚ್ಚಲಿಗೆ ಓಡೋಳು. ಅದಕ್ಕೇ ನನ್ನ ಹೆಂಡತಿ ಹಿತ್ತಲಲ್ಲಿ ಒಲೆ ಹೂಡಿದಳು. ಮನೆಮಂದಿಯೆಲ್ಲ ಒಬ್ಬೊಬ್ಬರೇ ಕಳ್ಳರ ಥರ ಅಲ್ಲೇ ಉಂಡು, ಬಾಯಿ ಮುಕ್ಕಳಿಸಿ ಒಳಗೆ ಬರೋದು. ಮನೆಯೊಳಗೆ ತಟ್ಟೆ ಸದ್ದೇ ಇರಲಿಲ್ಲ.

ಆವತ್ತು ಬೆಳಿಗ್ಗೆ ಅವಳು ಮೊಬೈಲ್ ನನ್ನ ಮುಂದೆ ಹಿಡಿದಳು. "ತಾತ, ಇದು ತಿನ್ನಬೇಕು ಅನ್ನಿಸ್ತಿದೆ."

ಕೆಳಗೆ ಹಣ್ಣು, ಮೇಲೆ ಉಬ್ಬಿದ ಹಿಟ್ಟು. ಕಾಬ್ಲರ್ ಅಂತೆ. ದೂರದೇಶದ ಅಜ್ಜಿಯರು ಮನೇಲಿ ಮಾಡೋ ತಿಂಡಿಯಂತೆ. 'ತಿನ್ನಬೇಕು' ಅನ್ನೋ ಮಾತು ಅವಳ ಬಾಯಲ್ಲಿ ಕೇಳಿ ಎಷ್ಟು ದಿನ ಆಗಿತ್ತು! ಬಸುರಿ ಬಯಕೆ, ಬಿಡೋದುಂಟಾ? ಚೇಳೂರು ಬಸ್ಸು ಹತ್ತಿ, ತಂಗಿ ತೋಟದಿಂದ ದೋರಗಾಯಿ ಮಾವು ತಂದೆ. ಹಣ್ಣಾಗೋಕೆ ಬಂದಿದ್ದರೂ ಹುಳಿ ಬಿಡದ ಕಾಯಿ.

ಅವಳು ಮೂಗಿಗೆ ವೇಲ್ ಕಟ್ಟಿಕೊಂಡು ಜಗಲಿಯಿಂದಲೇ ಓದಿ ಹೇಳೋಳು. ಅಡುಗೆಮನೇಲಿ, ಮಗ ತಂದಿಟ್ಟಿದ್ದ ಕರೆಂಟ್ ಓವನ್ ಮುಂದೆ ನಾವಿಬ್ಬರು ಗಂಡ ಹೆಂಡ್ತಿ. ಮಾವು ಹೆಚ್ಚಿ, ಬೆಲ್ಲ ಬೆರೆಸಿ ಟ್ರೇಗೆ ಹಾಕಿದೆ. ಮೈದಾ, ಬೇಕಿಂಗ್ ಪೌಡರ್, ಬೆಣ್ಣೆ, ಹಾಲು ಕಲಸಿ ಅದರ ಮೇಲೆ ಅಲ್ಲಲ್ಲಿ ಬಿಡಬೇಕಂತೆ.

"ಹಣ್ಣು ಆಚೆ ಕಾಣ್ತದಲ್ಲೇ, ಒಬ್ಬಟ್ಟಿನಂಗೆ ಪೂರ್ತಿ ಮುಚ್ಚಬ್ಯಾಡ್ವೇನೇ?" ಅಂತ ಕೂಗಿದಳು ಹೆಂಡತಿ.

"ಬೇಡಜ್ಜಿ, ಹಂಗೇ ಇರ್ಬೇಕು! ತಾತ, ಓವನ್ ಬಾಗ್ಲು ಮಧ್ಯ ತೆಗೀಬೇಡ ಕಣಪ್ಪಾ, ಉಬ್ಬಲ್ಲ."

ಓವನ್ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಉರಿ ಇಲ್ಲ, ಹೊಗೆ ಇಲ್ಲ, ಚೊಯ್ ಅನ್ನೋ ಸದ್ದೂ ಇಲ್ಲ. ಕೆಂಪು ಬೆಳಕಲ್ಲಿ ಹಿಟ್ಟು ಉಸಿರೆಳೆದಂಗೆ ತಾನೇ ತಾನಾಗಿ ಮೇಲೇಳ್ತಾ ಇತ್ತು. ಸಂದೀಲಿ ಮಾವಿನ ರಸ ಗುಳುಗುಳು ಅಂತಿತ್ತು. ಕಾಣದ ಯಾರೋ ಒಳಗೆ ಕೂತು ಬೆಳೆಸ್ತಾವ್ರೆ ಅನ್ನಿಸಿ, ಕೈ ಮುಗಿಯೋ ಹಂಗಾಯ್ತು. ಅವಳ ಹೊಟ್ಟೇಲೂ ಹಿಂಗೇ ಅಲ್ವಾ, ಸದ್ದಿಲ್ಲದಂಗೆ?

"ನಾನು ಹೆರೋವಾಗ ಆಸ್ಪತ್ರೆ ಕಡೆ ತಲೆ ಹಾಕ್ಲಿಲ್ಲ, ಈಗ ಡಬ್ಬದ ಮುಂದೆ ಕಾಯ್ತಾ ಕೂತವ್ರೆ ನೋಡು!" ಅಂತ ಹೆಂಡತಿ ನಕ್ಕಳು.

"ಸುಮ್ನಿರೇ, ಸೀದೋಯ್ತದೆ" ಅಂದವನು ತಡೆಯಲಾರದೆ ಬಾಗಿಲು ತೆಗೆದೇಬಿಟ್ಟೆ.

ಘಮ್ ಅಂತ ವಾಸನೆ ಮನೆಯೆಲ್ಲಾ ನುಗ್ಗಿತು. ತಕ್ಷಣ ಬಾಗಿಲು ದಬ್ಬಿದೆ. ಆಚೆ ಹೋದ ವಾಸನೇನ ಹಿಡಿದು ತರೋಕಾಗ್ತದಾ? ಜಗಲೀಲಿ ಅವಳು ದಡಬಡ ಎದ್ದ ಸದ್ದು.

"ಹೋಯ್ತು. ಎಲ್ಲಾ ಕೆಡಿಸಿದ್ರಿ" ಅಂದಳು ಹೆಂಡತಿ.

ಬಚ್ಚಲ ಬಾಗಿಲ ಸದ್ದಿಗೆ ಕಾದೆವು. ಬರಲಿಲ್ಲ. ತಿರುಗಿ ನೋಡಿದರೆ ಅಡುಗೆಮನೆ ಹೊಸ್ತಿಲಲ್ಲಿ ಅವಳು! ಬಂದಾಗಿಂದ ಆ ಹೊಸ್ತಿಲು ತುಳಿದಿರಲಿಲ್ಲ. ವೇಲ್ ಮೂಗಿನಿಂದ ಕೆಳಗಿಳಿದಿತ್ತು.

"ಇನ್ನೂ ಎಷ್ಟೊತ್ತು ತಾತಾ?"

ಮಣೆ ಎಳೆದು ಅವಳನ್ನ ಹೊಸ್ತಿಲ ಪಕ್ಕದಲ್ಲೇ ಕೂರಿಸಿದೆ.

ಬೆಂದಾಗ ಒಂದು ಮೂಲೆ ಉಬ್ಬದೆ ಕೂತಿತ್ತು, ನನ್ನ ಅವಸರಕ್ಕೆ. ಉಬ್ಬಿದ ಕಡೇದನ್ನ ಬಟ್ಟಲಿಗೆ ಹಾಕಿ, ಊದಿ ಕೊಟ್ಟೆ. ಒಂದು ಚಮಚ. ನಾವಿಬ್ಬರೂ ಅವಳ ಬಾಯನ್ನೇ ನೋಡ್ತಾ ನಿಂತೆವು. ಇನ್ನೊಂದು ಚಮಚ. ನೋಡ್ತಾ ನೋಡ್ತಾ ಬಟ್ಟಲು ಖಾಲಿ! ಸಂಜೆವರೆಗೂ ಬಚ್ಚಲ ಕಡೆ ಅವಳು ತಿರುಗಿ ನೋಡಲಿಲ್ಲ.

ಸಂಜೆ ವಸಂತನರಸಾಪುರದ ಫ್ಯಾಕ್ಟರಿಯಿಂದ ಮಗ ಸೊಸೆ, ತುಮಕೂರಿಂದ ಮೊಮ್ಮಗಳ ಗಂಡ ಬಂದರು. ಸೊಸೆ ರೂಢಿ ಮೇಲೆ ತಟ್ಟೆ ಎತ್ಕೊಂಡು ಹಿತ್ತಲಿಗೆ ಹೊರಟಳು.

"ಅಮ್ಮಾ, ಇಲ್ಲೇ ಹಾಕು. ನನ್ನ ಬಿಟ್ಟು ಇನ್ನೂ ಎಷ್ಟು ದಿನ ತಿಂತೀರಾ?" ಅಂದಳು ಮೊಮ್ಮಗಳು.

ನಡುಮನೇಲಿ ಚಾಪೆ ಹಾಸಿ ಅವಳ ಸುತ್ತ ಕೂತ್ವಿ. ನಮಗೆ ಮುದ್ದೆ, ಸೊಪ್ಪಿನ ಸಾರು. ಅವಳ ಮುಂದೆ ಮಾವಿನ ಬಟ್ಟಲು.

"ಈ ಉಬ್ಬದೇ ಇರೋ ಮೂಲೆ ಯಾರಿಗೆ?" ಅಂದ ಮಗ.

"ಬಾಗ್ಲು ತೆಗೆದೋರಿಗೆ" ಅಂತ ಹೆಂಡತಿ ಅದನ್ನ ನನ್ನ ತಟ್ಟೆಗೇ ಬಡಿಸಿದಳು. ಎಲ್ಲರೂ ಗೊಳ್ಳಂತ ನಕ್ಕರು. ಮೊಮ್ಮಗಳು ನಗ್ತಾ ನಗ್ತಾನೇ ನನ್ನ ತಟ್ಟೆಗೆ ಕೈಹಾಕಿ, ಒಂದು ತುಂಡು ಮುರಿದು ಬಾಯಿಗೆ ಹಾಕ್ಕೊಂಡಳು.