ಇಪ್ಪತ್ತು ಹಳದಿ ಹಣೆಗಳು

ಕುರಿಯ ಹಿಕ್ಕೆಯಲ್ಲಿ ಹುಳದ ಮೊಟ್ಟೆ ಎಣಿಸುವುದು ನನ್ನ ಸಂಶೋಧನೆ. ಬಾಗಲಕೋಟೆಯ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಈ ಮಾತು ಎತ್ತಬಾರದೆಂದು ಅವ್ವ ಕಟ್ಟಳೆ ಮಾಡಿದ್ದಾಳೆ. ಡೈರಿಯ ಪ್ರಕಾರ ನಾನು ಅದನ್ನು ಆರು ಸಲ ಮುರಿದಿದ್ದೇನೆ.

ಹುನಗುಂದದ ಹತ್ತಿರ ಹೊಲವೊಂದರಲ್ಲಿ ಬೀಡುಬಿಟ್ಟಿದ್ದ ಕುರಿಗಾರ ಕಾಕಾನ ಹಿಂಡಿನಲ್ಲಿ ಗದ್ದದ ಕೆಳಗೆ ಬಾವು ಕಾಣಿಸಿತ್ತು. ಹೊಟ್ಟೆಯೊಳಗೆ ಕೂತು ರಕ್ತ ಹೀರುವ ಹುಳದ ಗುರುತು ಅದು. ಕಾಕಾ ವರ್ಷಗಳಿಂದ ಒಂದೇ ಔಷಧ ಕುಡಿಸುತ್ತಿದ್ದ. ಟಗರಿಗೂ ಮರಿಗೂ ಅಳತೆ ಒಂದೇ, ಬಾಟಲಿಯ ಒಂದು ಮುಚ್ಚಳ. ಅದು ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ನನಗೆ ಹದಿನಾಲ್ಕು ದಿನ ಬೇಕಿತ್ತು. ಹದಿನಾರನೆಯ ದಿನ ಹಿಂಡು ಬದಾಮಿ ಕಡೆಗೆ ಹೊರಡುವುದಿತ್ತು. ಅಷ್ಟರೊಳಗೆ ತಿಳಿಯದಿದ್ದರೆ ಅದೇ ಬಾಟಲಿ ಹಿಡಿದು ಹೊರಟ ಕಾಕಾನ ಕುರಿಗಳು ದಾರಿಯಲ್ಲೇ ಬೀಳುತ್ತಿದ್ದವು.

ಮೊದಲ ದಿನ ಇಪ್ಪತ್ತು ಕುರಿ ಆರಿಸಿದೆ. ಹತ್ತಕ್ಕೆ ತೂಕ ನೋಡಿ ಅದೇ ಔಷಧ, ಹೋಲಿಕೆಗೆಂದು ಹತ್ತಕ್ಕೆ ಇಲ್ಲ. ಕುಡಿಸುವಾಗ ಕಾಕಾನ ಹೆಂಡತಿ ಕಾಕು ಒಂದೊಂದರ ಬಾಯಿ ಹಿಡಿದಳು. ಕಿವಿಗೆ ಬಿಲ್ಲೆ ಹಾಕುತ್ತೇನೆ ಎಂದರೆ ಕಾಕಾ ಒಪ್ಪಲಿಲ್ಲ. "ಜಾಲಿಗೆ ಸಿಕ್ಕು ಕಿವಿ ಹರೀತಾವವ್ವ." ಸರಿ, ಔಷಧ ಕುಡಿದವುಗಳ ಹಣೆಗೆ ಬಣ್ಣದ ಕಡ್ಡಿಯಿಂದ ಗುರುತು ಹಾಕಿದೆ. ಇಳಕಲ್ಲಿನ ಅಂಗಡಿಯಲ್ಲಿ ಉಳಿದಿದ್ದ ಬಣ್ಣ ಒಂದೇ, ಹಳದಿ.

"ಔಷಧ ಹುಳಕ್ಕ ಏನ್ ಮಾಡತೈತಿ?" ಕಾಕಾ ಕೇಳಿದ.

"ಹುಳದ ನರದ ಮ್ಯಾಲ ಸಣ್ಣ ಸಣ್ಣ ಬಾಗಲಾ ಇರ್ತಾವ್ರಿ. ಔಷಧ ಆ ಬಾಗಲಾ ತಗದು ಮುಚ್ಚಾಕ ಬಿಡೂದಿಲ್ಲ. ಹುಳಕ್ಕ ಲಕ್ವಾ ಹೊಡೀತೈತಿ."

"ಮತ್ತ ಯಾಕ ಸಾಯವಲ್ಲವು?"

"ಕೆಲವು ಹುಳದ ಬಾಗಲಾ ಬ್ಯಾರೆ ನಮೂನಿ ಇರ್ತಾವ್ರಿ. ಅವು ಉಳಿತಾವ, ಅವುಗಳ ಮರಿನ ಬೆಳೀತಾವ."

ಕಾಕಾ ಹೆಂಡತಿಯ ಕಡೆ ತಿರುಗಿದ. "ಕೇಳಿದೇನ? ಟಗರು ಆರಿಸಿದಂಗ ನಾ ಇಷ್ಟ ವರ್ಷ ಶಾಣ್ಯಾ ಹುಳಾ ಆರಿಸಿ ಸಾಕೇನಂತ!"

ಹದಿನಾಲ್ಕನೆಯ ದಿನ ಹಿಕ್ಕೆ ತುಂಬಲು ಡಬ್ಬಿ, ಚೀಟಿ ಹೊತ್ತು ಹೋದೆ. ಇಪ್ಪತ್ತಕ್ಕೆ ಇಪ್ಪತ್ತೂ ಹಣೆ ಹಳದಿ. ಇಡೀ ಹಿಂಡೇ ಹಳದಿ. ಹಿಂಡು ಹೊರಡುವ ಮುಂಚೆ ಮಾಡುವ ಕುಲದೇವರು ಬೀರಪ್ಪನ ಪೂಜೆಯನ್ನು ಹದಿಮೂರನೆಯ ದಿನವೇ ಮುಗಿಸಿ, ಎಲ್ಲ ಕುರಿಗಳ ಹಣೆಗೂ ಎಣ್ಣೆಯಲ್ಲಿ ಕಲಸಿದ ಭಂಡಾರ ಬಳಿದಿದ್ದರು. ನನ್ನ ಗುರುತು ದೇವರ ಅರಿಸಿನದಲ್ಲಿ ಸೇರಿಹೋಗಿತ್ತು.

ಡೈರಿ ತೆರೆದೆ. "ಕರಿ, ಹೆಣ್ಣು, ಮಧ್ಯಮ ಗಾತ್ರ" ಎಂದು ಏಳು ಕಡೆ ಬರೆದಿದ್ದೆ.

"ಅಳಬ್ಯಾಡ ಹಿಕ್ಕಿ ಡಾಕ್ಟರವ್ವ," ಎಂದಳು ಕಾಕು. "ಬಾಯಿ ಹಿಡದಾಕಿ ನಾ. ಮಾರಿ ಮರೀತೇನೇನ?" ಹಿಂಡಿಗೆ ನುಗ್ಗಿ ಒಂದೊಂದನ್ನೇ ಎಳೆದು ತಂದಳು. "ಇದು ಹಲ್ಲ ಕಡೀತು. ಇದು ಪಾಪದ್ದು. ಇದು ನೋಡು, ನನ್ನ ಇಳಕಲ್ ಸೀರಿ ಮ್ಯಾಲ ಪೂರಾ ಉಗುಳಿದ್ದು."

ನಾನು ಅವಳು ತಂದ ಹತ್ತರ ಬೆನ್ನಿಗೆ ಸುಣ್ಣದ ಸಣ್ಣ ಚುಕ್ಕೆ ಇಟ್ಟು, ಅವಳು ಚಹಾ ಮಾಡಲು ಹೋದಾಗ ಒರೆಸಿ, ಮತ್ತೆ ಎಲ್ಲವನ್ನೂ ಬೆರೆಸಿದೆ. ಒರೆಸುವ ಮೊದಲು ಫೋಟೊ ತೆಗೆದಿದ್ದೆ. ಆಮೇಲೆ ಇನ್ನೊಮ್ಮೆ ಆರಿಸಲು ಕೇಳಿದೆ.

"ನನಗ ಪರೀಕ್ಷಾ ಇಡಾಕತ್ತಾಳ ನೋಡ್ರಿ ಈಕಿ!" ಎಂದು ಗಂಡನಿಗೆ ದೂರು ಹೇಳುತ್ತಲೇ ಆರಿಸಿದಳು. ಫೋಟೊ ಜೊತೆ ಹೋಲಿಸಿದೆ. ಅವೇ ಹತ್ತು.

ಉಗುಳಿದ್ದನ್ನು ಲೆಕ್ಕದಿಂದ ಬಿಟ್ಟೆ, ಉಳಿದದ್ದು ಒಂಬತ್ತು; ಹೋಲಿಸಲು ಈ ಸಲ ಔಷಧ ಕುಡಿಯದ ಹತ್ತರ ಹಿಕ್ಕೆಯನ್ನೂ ತುಂಬಿಕೊಂಡೆ. ಮರುದಿನ ಸಂಜೆಯವರೆಗೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತೆ. ಔಷಧ ಕುಡಿದವುಗಳಲ್ಲೂ ಕುಡಿಯದವುಗಳಲ್ಲೂ ಮೊಟ್ಟೆ ಹೆಚ್ಚುಕಡಿಮೆ ಸಮ.

ಹದಿನಾರನೆಯ ದಿನ ಬೆಳಿಗ್ಗೆ ಬೇರೆ ಬಗೆಯ ಔಷಧ, ತೂಕದ ತಕ್ಕಡಿ ತೆಗೆದುಕೊಂಡು ಹೋದೆ.

"ಪಾಸೋ ನಪಾಸೋ?" ಕಾಕು ಕೇಳಿದಳು.

"ನೀವು ಪಾಸ್ರಿ. ಔಷಧ ನಪಾಸು."

ಕಾಕಾ ಹಳೆಯ ಬಾಟಲಿಯ ಮುಚ್ಚಳ ನನ್ನ ಕೈಗಿಟ್ಟ. "ಇನ್ನ ಔಷಧ ಇದರಾಗ ಅಳೆಯೂದಿಲ್ಲ, ತಗೊ."

ಎರಡು ವಾರದ ಮೇಲೆ ಬದಾಮಿಯ ದಾರಿಯಲ್ಲಿ ಹಿಂಡು ಹಿಡಿದೆ. ಗದ್ದದ ಬಾವು ಇಳಿದಿತ್ತು. ಕಾಕು ಮತ್ತೆ ಆರಿಸಿಕೊಟ್ಟ ಅವೇ ಹತ್ತು ಕುರಿಗಳ ಹಿಕ್ಕೆ ನೋಡಿದೆ: ಒಂಬತ್ತರಲ್ಲಿ ಒಂದು ಮೊಟ್ಟೆಯೂ ಸಿಗಲಿಲ್ಲ. ಹತ್ತನೆಯದರಲ್ಲಿ ಬೇಕಾದಷ್ಟಿದ್ದವು. ಅದು ಹೊಸ ಔಷಧವನ್ನೂ ಉಗುಳಿತ್ತು, ಈ ಸಲ ನನ್ನ ಡೈರಿಯ ಮೇಲೆ. ಹದಿನಾರನೆಯ ದಿನದ ಪುಟ ಇನ್ನೂ ಅಂಟಿಕೊಂಡಿದೆ.